ಮಗಳ ಮೊದಲ ಕ್ರಿಸ್‌ಮಸ್ ಜರ್ಮನಿಯಲ್ಲಿ: ಚಳಿಗಿಂತ ಮೊದಲು ರಜೆಯ ಲೆಕ್ಕ ಹಾಕಿ

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ, ಬಿ.ಎ. ಮುಗಿಸಿದ್ದಾಳೆ. ನಮ್ಮ ಸಭೆಯ ಮೂಲಕ ಒಂದು ವರ್ಷದ ಮಿಷನ್ ಸೇವೆಗೆ ದಕ್ಷಿಣ ಜರ್ಮನಿಗೆ ಆಯ್ಕೆಯಾಗಿದ್ದಾಳೆ. ಚರ್ಚ್ ನಡೆಸುವ ವೃದ್ಧಾಶ್ರಮದಲ್ಲಿ ಕೆಲಸ ಅಂತೆ. 2026ರ ಸೆಪ್ಟೆಂಬರ್‌ನಲ್ಲಿ ಹೊರಡುತ್ತಾಳೆ. ಹುಟ್ಟಿದಾಗಿನಿಂದ ಕ್ರಿಸ್‌ಮಸ್‌ಗೆ ಮನೆ ಬಿಟ್ಟು ಇದ್ದವಳಲ್ಲ. ಆ ಚಳಿ ತಡೆದುಕೊಳ್ಳುತ್ತಾಳಾ? ಹಬ್ಬಕ್ಕೆ ಊರಿಗೆ ಬಂದು ಹೋಗಬಹುದಾ? ಏನೇನು ಕಟ್ಟಿ ಕಳಿಸಲಿ? ಅಲ್ಲಿ ಸುವಾರ್ತೆ ಸಾರಲು ಬಿಡುತ್ತಾರಾ? ಹೊಸ ವರ್ಷಕ್ಕೆ ಗೆಳತಿಯರ ಜೊತೆ ಸ್ವಿಟ್ಜರ್‌ಲೆಂಡ್ ನೋಡಿ ಬರುತ್ತೀನಿ ಅನ್ನುತ್ತಾಳೆ, ಅದು ಆಗುತ್ತಾ? (ಒಬ್ಬ ತಾಯಿ, ಸಿಂಧನೂರು)

ಉತ್ತರ: ನಿಮ್ಮ ಮೊದಲ ಪ್ರಶ್ನೆಯೇ ಚಳಿಯದು. ಎಲ್ಲ ತಾಯಂದಿರೂ ಅದನ್ನೇ ಮೊದಲು ಕೇಳುತ್ತಾರೆ. ಚಳಿಗೆ ಬಟ್ಟೆ ಇದೆ, ಕೋಣೆಗೆ ಹೀಟರ್ ಇದೆ, ಎರಡು ವಾರದಲ್ಲಿ ಮೈ ಒಗ್ಗಿಕೊಳ್ಳುತ್ತದೆ. ನಮ್ಮ ಕಡೆಯಿಂದ ಹೋದ ಹುಡುಗ ಹುಡುಗಿಯರನ್ನು ನಿಜವಾಗಿ ಕಂಗೆಡಿಸುವುದು ಡಿಸೆಂಬರ್ 24ರ ಮಧ್ಯಾಹ್ನದಿಂದ ಜನವರಿ 6ರವರೆಗಿನ ಎರಡು ವಾರ. ಆ ದಿನಗಳ ವ್ಯವಸ್ಥೆಯನ್ನು ನವೆಂಬರ್‌ನಲ್ಲೇ ಮಾಡಿಕೊಂಡವರು ಚೆನ್ನಾಗಿ ಕಳೆಯುತ್ತಾರೆ. ಬಂದಾಗ ನೋಡಿಕೊಳ್ಳೋಣ ಅಂದವರು ಕೋಣೆಯಲ್ಲಿ ಒಬ್ಬರೇ ಕೂತು ಅಳುತ್ತಾರೆ.

ಕಾರಣ ಇಷ್ಟೇ. ರಾಯಚೂರು, ಬಳ್ಳಾರಿ ಕಡೆ ಕ್ರಿಸ್‌ಮಸ್ ಅಂದರೆ ಬಾಗಿಲು ತೆರೆದ ಹಬ್ಬ. ಡಿಸೆಂಬರ್ ಬಂತೆಂದರೆ ಯೂತ್‌ನವರು ಕ್ಯಾರಲ್ಸ್ ಹಾಡುತ್ತಾ ಮನೆಮನೆ ತಿರುಗುತ್ತಾರೆ. 24ರ ರಾತ್ರಿ ಚರ್ಚ್ ತುಂಬಿರುತ್ತದೆ. 25ರಂದು ಹೊಸ ಬಟ್ಟೆ, ಆರಾಧನೆ, ಆಮೇಲೆ ಓಣಿಯವರೆಲ್ಲ ಊಟಕ್ಕೆ ಬರುತ್ತಾರೆ. ಅವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ಜರ್ಮನಿಯಲ್ಲಿ ಗದ್ದಲವೆಲ್ಲ ಹಬ್ಬಕ್ಕೆ ಮೊದಲೇ ಮುಗಿಯುತ್ತದೆ. ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಊರಿನ ಚೌಕದಲ್ಲಿ ಕ್ರಿಸ್‌ಮಸ್ ಮಾರುಕಟ್ಟೆ, ಬೀದಿ ತುಂಬ ದೀಪ, ಮೇಜಿನ ಮೇಲೆ ವಾರಕ್ಕೊಂದು ಮೇಣದಬತ್ತಿ ಹೆಚ್ಚಾಗಿ ಹೊತ್ತಿಸುವ ಹಸಿರು ಚಕ್ರ, ಡಿಸೆಂಬರ್ 6ಕ್ಕೆ ಸಂತ ನಿಕೋಲಸ್ ದಿನ ಅಂತ ಮಕ್ಕಳ ಬೂಟಿನಲ್ಲಿ ಮಿಠಾಯಿ. ಮಗಳು ಆಗ ನಿಮಗೆ ದಿನಾ ಫೋಟೋ ಕಳಿಸುತ್ತಾಳೆ, ಖುಷಿಯಾಗಿರುತ್ತಾಳೆ. 24ರ ಮಧ್ಯಾಹ್ನಕ್ಕೆ ಇದೆಲ್ಲ ನಿಂತುಹೋಗುತ್ತದೆ. ಅಂಗಡಿಗಳು ಎರಡು ಗಂಟೆಯೊಳಗೆ ಬಾಗಿಲು ಹಾಕುತ್ತವೆ, ಸಂಜೆಯ ಹೊತ್ತಿಗೆ ಬಸ್ಸು ಕಡಿಮೆಯಾಗುತ್ತವೆ, ಬೀದಿಯಲ್ಲಿ ಜನ ಇರುವುದಿಲ್ಲ. ಎಲ್ಲರೂ ತಮ್ಮ ತಮ್ಮ ಮನೆಯವರ ಜೊತೆ ಒಳಗೆ. ಯಾರನ್ನೂ ದೂರ ಇಡಬೇಕೆಂಬ ಮನಸ್ಸು ಅದರಲ್ಲಿಲ್ಲ. ಅಲ್ಲಿ ಆ ಸಂಜೆ ಮನೆಯೊಳಗಿನದು, ಅಷ್ಟೇ. ಇದು ಗೊತ್ತಿಲ್ಲದ ಹುಡುಗಿಗೆ ಮಾತ್ರ ತನ್ನನ್ನು ಯಾರೂ ಕರೆಯಲಿಲ್ಲ ಅನ್ನಿಸುತ್ತದೆ.

ಈ ವರ್ಷದ ಕ್ಯಾಲೆಂಡರ್ ನೋಡಿ. 2026ರ ಡಿಸೆಂಬರ್ 24 ಗುರುವಾರ. 25 ಶುಕ್ರವಾರ ಮತ್ತು 26 ಶನಿವಾರ ಎರಡೂ ದೇಶಕ್ಕೆಲ್ಲ ರಜೆ. 27 ಭಾನುವಾರ, ಅಂದೂ ಅಂಗಡಿ ತೆರೆಯುವುದಿಲ್ಲ. ಗುರುವಾರ ಮಧ್ಯಾಹ್ನ ಮುಚ್ಚಿದ ಅಂಗಡಿ ಸೋಮವಾರ 28ಕ್ಕೇ ತೆರೆಯುತ್ತದೆ. ದೊಡ್ಡ ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕ್‌ನ ಅಂಗಡಿ ತೆರೆದಿರಬಹುದು, ಬೆಲೆ ಜಾಸ್ತಿ. ನಮ್ಮಲ್ಲಿ ಯಾವ ಹಬ್ಬವಿದ್ದರೂ ಮೂಲೆ ಅಂಗಡಿಯಲ್ಲಿ ಹಾಲು ಸಿಗುತ್ತದೆ ಎಂಬ ರೂಢಿಯಿಂದ ಹೋದವರು ಮೊದಲ ವರ್ಷ ಬರೀ ಬ್ರೆಡ್ಡಿನಲ್ಲಿ ಮೂರು ದಿನ ಕಳೆಯುವುದುಂಟು. ಅಕ್ಕಿ, ಬೇಳೆ, ಈರುಳ್ಳಿ, ಮೊಟ್ಟೆ, ಹಾಲು, ಎಣ್ಣೆ, ಜ್ವರದ ಮಾತ್ರೆ ಎಲ್ಲವೂ 23ರ ಬುಧವಾರವೇ ಕೋಣೆಯಲ್ಲಿರಲಿ. 24ರ ಬೆಳಿಗ್ಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನವರಿ 1 ಮತ್ತೆ ಶುಕ್ರವಾರ, ಅಂದೂ ರಜೆ. ಬವೇರಿಯಾ, ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿದ್ದರೆ ಜನವರಿ 6ರ ಬುಧವಾರವೂ ರಜೆ.

ಇನ್ನು ನವೆಂಬರ್‌ನಲ್ಲಿ ಮಾಡಬೇಕಾದ ಕೆಲಸ. ವೃದ್ಧಾಶ್ರಮಗಳಲ್ಲಿ ಹಬ್ಬದ ದಿನಗಳ ಡ್ಯೂಟಿ ಪಟ್ಟಿ ವಾರಗಟ್ಟಲೆ ಮೊದಲೇ ತಯಾರಾಗುತ್ತದೆ. ಮಕ್ಕಳಿರುವ ಸಿಬ್ಬಂದಿ 24ರ ಸಂಜೆ ಬಿಡುವು ಕೇಳುತ್ತಾರೆ. ನಿಮ್ಮ ಮಗಳು ತಾನೇ ಹೋಗಿ "24ರ ಮಧ್ಯಾಹ್ನದ ಪಾಳಿ ನನಗೆ ಕೊಡಿ, ಹೊಸ ವರ್ಷಕ್ಕೆ ಬಿಡುವು ಕೊಡಿ" ಎಂದು ಕೇಳಲಿ. ನಮ್ಮ ಬಲವಾದ ಸಲಹೆ ಇದು. ಆ ಸಂಜೆ ಆಶ್ರಮದಲ್ಲಿ ಮರಕ್ಕೆ ದೀಪ ಹಚ್ಚುತ್ತಾರೆ, ಊಟ ಒಳ್ಳೆಯದಿರುತ್ತದೆ, ನೋಡಲು ಯಾರೂ ಬಾರದ ಅಜ್ಜ ಅಜ್ಜಿಯರು ಇರುತ್ತಾರೆ. ಅವಳು ಹೋಗಿರುವುದು ಸೇವೆಗೆ. ವರ್ಷದಲ್ಲಿ ಸೇವೆಯ ಅಗತ್ಯ ಅತಿ ಹೆಚ್ಚಿರುವ ಸಂಜೆಯೇ ಅದು. ಆದರೆ ಹಬ್ಬದ ಎಲ್ಲ ದಿನ ಅವಳನ್ನೇ ಡ್ಯೂಟಿಗೆ ಹಾಕಿದರೆ ಒಪ್ಪಿಕೊಳ್ಳಬೇಕಾಗಿಲ್ಲ. ಅಲ್ಲಿನ ಸ್ವಯಂಸೇವಾ ವರ್ಷಕ್ಕೆ ಸರ್ಕಾರದ ಕಾನೂನಿದೆ. ಸ್ವಯಂಸೇವಕರು ಸಹಾಯಕ್ಕೆ ಇರುವವರು, ಸಂಬಳದ ಸಿಬ್ಬಂದಿಯ ಜಾಗ ತುಂಬಲು ಅಲ್ಲ. ವಾರಕ್ಕೆ ಸುಮಾರು 38ರಿಂದ 40 ಗಂಟೆ ಕೆಲಸ, ಹನ್ನೆರಡು ತಿಂಗಳ ಸೇವೆಗೆ 25 ದಿನ ತರಬೇತಿ ಶಿಬಿರ, ಅದರ ಜೊತೆಗೆ ವಾರ್ಷಿಕ ರಜೆ ಇರುತ್ತದೆ. ಪಟ್ಟಿ ನೋಡಿ ಅನ್ಯಾಯ ಅನ್ನಿಸಿದರೆ ಆಶ್ರಮದ ಮೇಲ್ವಿಚಾರಕರಿಗೂ, ಅವಳನ್ನು ಕರೆಸಿಕೊಂಡ ಸಂಸ್ಥೆಯ ಸಂಯೋಜಕರಿಗೂ ಬರೆದು ತಿಳಿಸಬಹುದು. ಗೊಣಗಿಕೊಂಡು ಒಳಗೇ ಇಟ್ಟುಕೊಂಡರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಮುಖ ನೋಡಿ ಕಷ್ಟ ಕೇಳುವ ರೂಢಿ ಅಲ್ಲಿ ಕಡಿಮೆ.

ಪಾಳಿ ಇಲ್ಲದ ಹಬ್ಬದ ದಿನಗಳಿಗೆ ಒಂದು ಮನೆ ಬೇಕು. ಇದಕ್ಕೆ ನಮ್ಮ ಮಕ್ಕಳು ಸಂಕೋಚಪಡುತ್ತಾರೆ: ಅವರೇ ಕರೆಯಲಿ ಎಂದು ಕಾಯುತ್ತಾರೆ. ಅಲ್ಲಿಯವರು ಹಬ್ಬದ ಊಟಕ್ಕೆ ಯಾರು ಯಾರು ಎಂಬುದನ್ನು ತಿಂಗಳ ಮೊದಲೇ ತೀರ್ಮಾನಿಸುತ್ತಾರೆ. ಕೊನೆಯ ಗಳಿಗೆಯಲ್ಲಿ ನೆನಪಾಗಿ ಕರೆಯುವುದು ಅಪರೂಪ. ನವೆಂಬರ್ ಮಧ್ಯದಲ್ಲೇ ಅಲ್ಲಿನ ಪಾದ್ರಿಗೆ, ಅವಳಿಗೆ ನೇಮಿಸಿದ ಮೆಂಟರ್‌ಗೆ ನೇರವಾಗಿ ಹೇಳಲಿ: "25ರ ಮಧ್ಯಾಹ್ನ ನಾನು ಒಬ್ಬಳೇ ಇರುತ್ತೇನೆ, ಯಾರ ಮನೆಗಾದರೂ ಹೋಗಬಹುದೇ?" ಅಲ್ಲಿ ಇದು ಭಿಕ್ಷೆ ಬೇಡಿದ ಹಾಗೆ ಆಗುವುದಿಲ್ಲ, ಸ್ಪಷ್ಟವಾಗಿ ಹೇಳಿದ್ದಕ್ಕೆ ಸಂತೋಷಪಡುತ್ತಾರೆ. ಕರೆದಾಗ ಮರ್ಯಾದೆಗೆಂದು "ಬೇಡ ಬೇಡ, ತೊಂದರೆ ಯಾಕೆ" ಅನ್ನಬಾರದು. ನಮ್ಮಲ್ಲಿ ಎರಡನೇ ಸಲ, ಮೂರನೇ ಸಲ ಒತ್ತಾಯ ಮಾಡುತ್ತಾರೆ. ಅಲ್ಲಿ ಒಮ್ಮೆ ಬೇಡ ಅಂದರೆ ಬೇಡವೆಂದೇ ತಿಳಿದು ಸುಮ್ಮನಾಗುತ್ತಾರೆ. ಊಟಕ್ಕೆ ಕೂತಾಗಲೂ ಹಾಗೆಯೇ: ಬೇಕಿದ್ದರೆ ಮೊದಲ ಸಲವೇ ಹೌದು ಅನ್ನಬೇಕು. ಆರು ಗಂಟೆಗೆ ಕರೆದರೆ ಆರಕ್ಕೇ ಬಾಗಿಲಲ್ಲಿರಬೇಕು. ಮಾಂಸ ತಿನ್ನದಿದ್ದರೆ, ದನದ ಅಥವಾ ಹಂದಿಯ ಮಾಂಸ ಬೇಡವಿದ್ದರೆ ಒಂದು ವಾರ ಮೊದಲು ತಿಳಿಸಬೇಕು; ಬಡಿಸಿದ ಮೇಲೆ ಬಿಡುವುದಕ್ಕಿಂತ ಅದು ಅವರಿಗೆ ಸುಲಭ.

ಆರಾಧನೆಯ ವಿಷಯದಲ್ಲಿ ಅವಳ ಮನಸ್ಸನ್ನು ಈಗಲೇ ಸಿದ್ಧಪಡಿಸಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಭಾನುವಾರ ಚರ್ಚಿಗೆ ಹೋದರೆ ದೊಡ್ಡ ಕಲ್ಲಿನ ಕಟ್ಟಡದಲ್ಲಿ ವಯಸ್ಸಾದವರು ಬೆರಳೆಣಿಕೆಯಷ್ಟು ಮಂದಿ ಕೂತಿರುತ್ತಾರೆ. ಮಿಷನರಿಗಳನ್ನು ನಮ್ಮೂರಿಗೆ ಕಳಿಸಿದ ನಾಡು ಇದೇನಾ ಎಂದು ನಮ್ಮ ಯುವಕರ ಎದೆ ಒಡೆಯುತ್ತದೆ. ಡಿಸೆಂಬರ್ 24ರಂದು ಅದೇ ಚರ್ಚಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮಧ್ಯಾಹ್ನ ಮೂರು, ನಾಲ್ಕರ ಸುಮಾರಿಗೆ ಮಕ್ಕಳ ನಾಟಕವಿರುವ ಆರಾಧನೆ, ಐದು ಆರಕ್ಕೆ ಸಂಜೆಯ ಆರಾಧನೆ, ರಾತ್ರಿ ಹತ್ತು ಹನ್ನೊಂದಕ್ಕೆ ಇನ್ನೊಂದು. ಸಂಜೆಯದಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಕೂರಬೇಕು. ರಾತ್ರಿಯದಕ್ಕೆ ಹೋಗುವುದಾದರೆ ವಾಪಸ್ ಬರುವ ಬಸ್ಸು ಇದೆಯೇ ಎಂದು ಹಬ್ಬದ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಕಲ್ಲಿನ ಹಳೆ ಚರ್ಚುಗಳ ಒಳಗೂ ಚಳಿ ಇರುತ್ತದೆ, ಜಾಕೆಟ್ ಬಿಚ್ಚಬೇಕಾಗಿಲ್ಲ. ನಮ್ಮಲ್ಲಿಯಂತೆ ಡಿಸೆಂಬರ್ 31ರ ನಡುರಾತ್ರಿ ಪ್ರಾರ್ಥನೆಯಲ್ಲಿ ಹೊಸ ವರ್ಷಕ್ಕೆ ಕಾಲಿಡುವ ರೂಢಿ ಅಲ್ಲಿ ಎಲ್ಲೆಡೆ ಇಲ್ಲ. ವರ್ಷಾಂತ್ಯದ ಆರಾಧನೆ ಸಾಮಾನ್ಯವಾಗಿ ಸಂಜೆಗೇ ಮುಗಿಯುತ್ತದೆ, ನಡುರಾತ್ರಿ ಬೀದಿ ತುಂಬ ಪಟಾಕಿ. ಆ ರಾತ್ರಿ ಚೌಕಗಳ ಕಡೆ ಒಬ್ಬಳೇ ಹೋಗದಿರಲಿ.

ಸುವಾರ್ತೆಯ ಪ್ರಶ್ನೆಗೆ ಬರೋಣ. ಇದನ್ನು ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಹೊರಡುವ ಮುಂಚೆ ಇದು ಇತ್ಯರ್ಥವಾಗದಿದ್ದರೆ ಅಲ್ಲಿ ಹೋಗಿ ಘರ್ಷಣೆಯಾಗುತ್ತದೆ. ಜರ್ಮನಿಯಲ್ಲಿ ತನ್ನ ನಂಬಿಕೆಯನ್ನು ಹೇಳಿಕೊಳ್ಳಲು ಕಾನೂನಿನ ಅಡ್ಡಿ ಇಲ್ಲ. ಆದರೆ ವೃದ್ಧಾಶ್ರಮದಲ್ಲಿ ಅವಳು ಊಟ ಮಾಡಿಸುವವಳು, ಸ್ನಾನಕ್ಕೆ ಕರೆದೊಯ್ಯುವವಳು. ತನ್ನ ಕೈಯಲ್ಲಿ ಆರೈಕೆ ಪಡೆಯುವ, ಎದ್ದು ಹೋಗಲಾಗದ ಮನುಷ್ಯನಿಗೆ ಬೋಧನೆ ಮಾಡುವುದು ಅಲ್ಲಿ ಅನುಚಿತ. ಕರಪತ್ರ ಹಂಚಿದರೆ ದೂರು ಬರುತ್ತದೆ, ಕುಟುಂಬದವರು ಬೇಸರ ಮಾಡಿಕೊಳ್ಳುತ್ತಾರೆ. ಕೇಳಿದವರಿಗೆ ಉತ್ತರ ಕೊಡಲಿ, ಕೇಳುವವರು ಇದ್ದೇ ಇರುತ್ತಾರೆ. ಇಷ್ಟು ದೂರದಿಂದ ಬಂದು ನಮ್ಮ ಹಾಸಿಗೆ ಯಾಕೆ ಸರಿಮಾಡುತ್ತೀ ಅನ್ನುವ ಪ್ರಶ್ನೆ ಡಿಸೆಂಬರ್ ಹೊತ್ತಿಗೆ ಬಂದೇ ಬರುತ್ತದೆ. ಅದಕ್ಕೆ ಜರ್ಮನ್‌ನಲ್ಲಿ ನಾಲ್ಕು ವಾಕ್ಯ ಈಗಲೇ ಕಲಿತುಕೊಂಡಿರಲಿ.

ಮರೆವಿನ ಕಾಯಿಲೆಯ ಅಜ್ಜಿಯೊಬ್ಬರು ತಮ್ಮ ಮಗನ ಹೆಸರು ಮರೆತಿರಬಹುದು. ಚಿಕ್ಕಂದಿನ ಕ್ರಿಸ್‌ಮಸ್ ಹಾಡಿನ ಮೊದಲ ಸಾಲು ಎತ್ತಿದರೆ ಮುಂದಿನ ಸಾಲನ್ನು ತಾವೇ ಹಾಡುವುದುಂಟು. ನವೆಂಬರ್‌ನಲ್ಲೇ ಅಲ್ಲಿನ ನಾಲ್ಕು ಹಾಡುಗಳ ಮೊದಲ ಚರಣ ಬಾಯಿಪಾಠ ಮಾಡಿಕೊಂಡರೆ ಭಾಷೆ ಪೂರ್ತಿ ಬಾರದಿದ್ದರೂ ಆ ಕೋಣೆಗಳಲ್ಲಿ ಅವಳಿಗೆ ಜಾಗವಿರುತ್ತದೆ. ಚರ್ಚಿನಲ್ಲೂ ಕೇಳಿ ನೋಡಲಿ: ಆಗಮನ ಕಾಲದ ಒಂದು ಭಾನುವಾರ ಲೂಕ 2ನೇ ಅಧ್ಯಾಯದ ಮೊದಲ ಇಪ್ಪತ್ತು ವಚನ ಕನ್ನಡದಲ್ಲಿ ಓದುವುದು, ಒಂದು ಕನ್ನಡ ಗೀತೆ ಹಾಡುವುದು, ಐದು ನಿಮಿಷ ತನ್ನ ಊರಿನ ಸಭೆಯ ಫೋಟೋ ತೋರಿಸುವುದು. ಪಾದ್ರಿಗಳು ಸಾಮಾನ್ಯವಾಗಿ ಸಂತೋಷದಿಂದ ಒಪ್ಪುತ್ತಾರೆ. ಫೋಟೋಗಳನ್ನು ಇಲ್ಲಿಂದಲೇ ಆರಿಸಿಕೊಂಡು ಹೋಗಲಿ. ಬಡತನದ ಚಿತ್ರಗಳನ್ನಷ್ಟೇ ಒಯ್ಯಬೇಡ ಎಂದು ಹೇಳಿ. ತುಂಗಭದ್ರಾ ಕಾಲುವೆಯ ಭತ್ತದ ಗದ್ದೆ, ಭಾನುವಾರ ಶಾಲೆಯ ಮಕ್ಕಳು, ಕ್ಯಾರಲ್ಸ್ ತಂಡ, ಇವೆಲ್ಲ ಇರಲಿ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ವರ್ಷಗಳನ್ನು ಕೊಟ್ಟರು. ನಿಮ್ಮ ಮಗಳಿಗೆ ಸಿಗುವುದು ಒಂದೇ ವರ್ಷ. ಹಾಗಾಗಿ ಹೊರಡುವ ಮೊದಲು ಕನಿಷ್ಠ ಎ2 ಮಟ್ಟದ (ಭಾಷಾ ಕಲಿಕೆಯ ಆರು ಹಂತಗಳಲ್ಲಿ ಎರಡನೆಯದು) ಜರ್ಮನ್ ಇರಲಿ, ಅದರ ಮುಂದಿನ ಬಿ1 ಆದರೆ ಇನ್ನೂ ಒಳ್ಳೆಯದು. ಜರ್ಮನ್ ಕಲಿಸುವ ಸಂಸ್ಥೆಯಾದ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಕೊಡಬಹುದು. ಭಾಷೆ ಇಲ್ಲದವರಿಗೆ ಡಿಸೆಂಬರ್ ಎರಡು ಪಟ್ಟು ಉದ್ದವಾಗುತ್ತದೆ.

ನೀವು ಮನೆಯವರು ಮಾಡಬೇಕಾದದ್ದೂ ಇದೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ನಾಲ್ಕೂವರೆ ಗಂಟೆ ಮುಂದೆ. ಸಿಂಧನೂರಿನಲ್ಲಿ 25ರ ಬೆಳಿಗ್ಗೆ ಒಂಬತ್ತರ ಆರಾಧನೆ ಶುರುವಾದಾಗ ಅವಳಿಗೆ ನಸುಕಿನ ನಾಲ್ಕೂವರೆ. ಮೊಬೈಲಿನಲ್ಲಿ ಲೈವ್ ನೋಡು ಎಂದು ಎಬ್ಬಿಸಬೇಡಿ. ಹಿಂದಿನ ದಿನ ಪಾಳಿ ಮುಗಿಸಿ ಮಲಗಿದವಳು ದಿನವಿಡೀ ತೂಕಡಿಸುತ್ತಾ ಊರನ್ನೇ ನೆನೆಯುತ್ತಾಳೆ. 25ರಂದು ನಮ್ಮ ಸಂಜೆ ಆರೂವರೆ ಅವಳ ಮಧ್ಯಾಹ್ನ ಎರಡು, ಅದು ಒಳ್ಳೆಯ ಹೊತ್ತು. ಒಂದು ಕರೆ, ಅರ್ಧ ಗಂಟೆ, ಮನೆಯವರೆಲ್ಲ ಸೇರಿ. ದಿನವಿಡೀ ವಿಡಿಯೋ ಕಾಲ್ ಹಚ್ಚಿಟ್ಟು ಬಿರಿಯಾನಿ ತೋರಿಸುವುದು, ಅಜ್ಜಿ ಅಳುವುದನ್ನು ತೋರಿಸುವುದು ಪ್ರೀತಿಯಿಂದಲೇ ಮಾಡುವ ಕೆಲಸ. ಆದರೆ ಕರೆ ಮುಗಿದ ಮೇಲೆ ಖಾಲಿ ಕೋಣೆಯಲ್ಲಿ ಉಳಿಯುವವಳು ಅವಳು. ಯಾವ ಹೊತ್ತಿಗೆ ಮಾತಾಡೋಣ ಎಂದು ಅವಳನ್ನೇ ಕೇಳಿ.

ಮನೆ ನೆನಪು ಮತ್ತು ಕತ್ತಲೆ ಎರಡೂ ಒಟ್ಟಿಗೆ ಬರುತ್ತವೆ. ಡಿಸೆಂಬರ್ 21ರ ಆಸುಪಾಸು ಸ್ಟುಟ್‌ಗಾರ್ಟ್ ಕಡೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟು ದಾಟಿದ ಮೇಲೆ, ಮುಳುಗುವುದು ಸಂಜೆ ನಾಲ್ಕೂವರೆಗೆ. ಹಗಲು ಎಂಟೂಕಾಲು ಗಂಟೆ. ನಮ್ಮಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಹೆಚ್ಚು. ಬೆಳಗಿನ ಪಾಳಿಗೆ ಕತ್ತಲಲ್ಲಿ ಹೋಗಿ ದಿನವಿಡೀ ಒಳಗೇ ಇದ್ದರೆ ಬಿಸಿಲನ್ನೇ ನೋಡದೆ ವಾರ ಕಳೆಯುತ್ತದೆ. ನಿದ್ದೆ ಹೆಚ್ಚಾಗುತ್ತದೆ, ಯಾವುದೂ ಬೇಡವೆನಿಸುತ್ತದೆ. ಮೋಡವಿದ್ದರೂ ಸರಿ, ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯಬೇಕು, ಇದನ್ನು ಔಷಧಿಯ ಹಾಗೆ ಪಾಲಿಸಬೇಕು. ವಿಟಮಿನ್ ಡಿ ಬೇಕೇ ಎಂದು ಹೋಗುವ ಮೊದಲು ಇಲ್ಲೇ ರಕ್ತ ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಿ. ಎರಡು ವಾರ ಕಳೆದರೂ ನಿದ್ದೆ, ಊಟ, ಮಾತು ಸರಿಹೋಗದಿದ್ದರೆ ಅದನ್ನು ಬರೀ ಮನೆ ನೆನಪು ಅನ್ನಬಾರದು, ಪ್ರಾರ್ಥನೆ ಸಾಲದು ಎಂದು ಬೈಯಬಾರದು. ಅಲ್ಲಿನ ವೈದ್ಯರ ಬಳಿ ಹೋಗಲಿ, ಅವಳಿಗೆ ಆರೋಗ್ಯ ವಿಮೆಯ ಕಾರ್ಡ್ ಇರುತ್ತದೆ. ಹಬ್ಬದ ರಾತ್ರಿ ಯಾರೂ ಸಿಗದಿದ್ದರೆ 0800 111 0 111 ಎಂಬ ಸಂಖ್ಯೆ ಇದೆ: ಅಲ್ಲಿನ ಚರ್ಚುಗಳು ನಡೆಸುವ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ತುರ್ತಿಗೆ 112. ರಜೆಯಲ್ಲಿ ಕ್ಲಿನಿಕ್ ಮುಚ್ಚಿದಾಗ, ತುರ್ತಲ್ಲದ ಕಾಯಿಲೆಗೆ 116117. ಈ ಮೂರನ್ನೂ ಫೋನಿನಲ್ಲಿ ಮಾತ್ರವಲ್ಲ, ಕಾಗದದಲ್ಲೂ ಬರೆದುಕೊಡಿ.

ಈಗ ಚಳಿ. ಡಿಸೆಂಬರ್, ಜನವರಿಯಲ್ಲಿ ಸರಾಸರಿ ಒಂದರಿಂದ ಮೂರು ಡಿಗ್ರಿ, ಕೆಲವು ರಾತ್ರಿ ಸೊನ್ನೆಗಿಂತ ಹತ್ತು ಕೆಳಗೂ ಹೋಗಬಹುದು. ಒಂದು ದಪ್ಪ ಸ್ವೆಟರ್ ಸಾಕು ಎಂಬುದು ತಪ್ಪು ಲೆಕ್ಕ. ಮೈಗೆ ಅಂಟಿದ ಮೊದಲ ಪದರ ಹತ್ತಿಯದಿರಬಾರದು: ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ನಿಂತ ಕೂಡಲೇ ಮೈ ತಣ್ಣಗಾಗುತ್ತದೆ. ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್ ಮೂರು ಜೊತೆ ಇಲ್ಲಿಂದ ಒಯ್ಯಲಿ. ಅದರ ಮೇಲೆ ಫ್ಲೀಸ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಜಾಕೆಟ್ ಮತ್ತು ಬೂಟುಗಳನ್ನು ಇಲ್ಲಿ ಕೊಳ್ಳಬೇಡಿ, ಅಲ್ಲಿ ಚರ್ಚ್ ಸಂಸ್ಥೆಗಳು ನಡೆಸುವ ಹಳೆ ಬಟ್ಟೆಯ ಅಂಗಡಿಗಳಲ್ಲಿ ಒಳ್ಳೆಯವು ಕಡಿಮೆ ಬೆಲೆಗೆ ಸಿಗುತ್ತವೆ. ಅಕ್ಟೋಬರ್‌ನಲ್ಲೇ ಕೊಳ್ಳಬೇಕು. ಬೂಟಿನ ಅಡಿ ಆಳವಾದ ಗೀರಿನದಾಗಿರಲಿ, ಒಳಗೆ ದಪ್ಪ ಕಾಲುಚೀಲ ಹಾಕಿದರೂ ಬೆರಳು ಅಲ್ಲಾಡಬೇಕು. ಬಿಗಿಯಾದರೆ ರಕ್ತ ಓಡದೆ ಪಾದ ಇನ್ನೂ ತಣ್ಣಗಾಗುತ್ತದೆ. ಕಿವಿ ಮುಚ್ಚುವ ಟೋಪಿ, ಕೈಗವಸು ಎರಡು ಜೊತೆ. ಹಬ್ಬಕ್ಕೆ ಸೀರೆ ಉಡುವಳಾದರೆ ಒಳಗೆ ಥರ್ಮಲ್ ಪ್ಯಾಂಟ್, ಮೇಲೆ ಉದ್ದ ಕೋಟು, ಕಾಲಿಗೆ ಬೂಟು. ಬೆಳಗಿನ ಹೊತ್ತು ಕಾಲುದಾರಿಯ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರುತ್ತದೆ. ಹೆಜ್ಜೆ ಚಿಕ್ಕದಿಟ್ಟು, ಪಾದ ಚಪ್ಪಟೆಯಾಗಿ ಊರಿ, ಕೈ ಜೇಬಿನಿಂದ ಹೊರಗಿಟ್ಟು ನಡೆಯಬೇಕು.

ಕೋಣೆಯೊಳಗಿನ ಚಳಿಗಾಲ ಯಾರೂ ಹೇಳಿಕೊಡದ ವಿಷಯ. ಕಿಟಕಿಯ ಕೆಳಗೆ ನೀರಿನ ಹೀಟರ್ ಇರುತ್ತದೆ, ಅದರ ತಿರುಗುಣಿಯ ಮೇಲೆ 1ರಿಂದ 5 ಅಂಕಿ. 3ಕ್ಕಿಟ್ಟರೆ ಕೋಣೆ ಸುಮಾರು 20 ಡಿಗ್ರಿಗೆ ನಿಲ್ಲುತ್ತದೆ. 5ಕ್ಕಿಟ್ಟರೆ ಬೇಗ ಬಿಸಿಯಾಗುತ್ತದೆಂದು ನಮ್ಮವರು ತಿರುಗಿಸುತ್ತಾರೆ, ಹಾಗಾಗುವುದಿಲ್ಲ; ಅದು ವೇಗ ಹೇಳುವುದಿಲ್ಲ, ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ. ಆಮೇಲೆ ಚಳಿ ಬರುತ್ತದೆಂದು ಕಿಟಕಿಯನ್ನು ವಾರಗಟ್ಟಲೆ ಮುಚ್ಚಿಡುತ್ತಾರೆ. ಸ್ನಾನದ ಹಬೆ, ಅನ್ನದ ಹಬೆ, ಕೋಣೆಯಲ್ಲೇ ಒಣಹಾಕಿದ ಬಟ್ಟೆಯ ತೇವ ಎಲ್ಲ ಹೋಗಿ ತಣ್ಣನೆಯ ಗೋಡೆಯ ಮೂಲೆಯಲ್ಲಿ ನೀರಾಗಿ ಕೂರುತ್ತದೆ. ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ, ಕೆಮ್ಮು ಶುರುವಾಗುತ್ತದೆ, ಮನೆ ಮಾಲೀಕರ ಜೊತೆ ಜಗಳವೂ ಆಗುತ್ತದೆ. ದಿನಕ್ಕೆ ಮೂರು ಸಲ ಹೀಟರ್ ಆರಿಸಿ, ಕಿಟಕಿಯನ್ನು ಪೂರ್ತಿ ತೆರೆದು, ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚಬೇಕು. ಅಷ್ಟು ಹೊತ್ತಿಗೆ ತೇವದ ಗಾಳಿ ಹೋಗುತ್ತದೆ, ಗೋಡೆಯ ಬಿಸಿ ಉಳಿಯುತ್ತದೆ. ಕಿಟಕಿಯನ್ನು ಸ್ವಲ್ಪವೇ ಓರೆ ಮಾಡಿ ದಿನವಿಡೀ ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಹೆಚ್ಚುತ್ತದೆ. ಭಾನುವಾರ ಮತ್ತು ರಜೆಯ ದಿನ ಸದ್ದು ಮಾಡಬಾರದೆಂಬ ನಿಯಮವೂ ಇದೆ. ವಾಷಿಂಗ್ ಮೆಷಿನ್ ಹಚ್ಚಬಹುದೇ ಎಂದು ಆ ಮನೆಯ ನಿಯಮ ನೋಡಿಕೊಳ್ಳಲಿ, ಇಲ್ಲವಾದರೆ 23ಕ್ಕೇ ಒಗೆದುಕೊಳ್ಳಲಿ.

ಕಟ್ಟಿ ಕಳಿಸುವುದರಲ್ಲಿ ಒಂದು ಕಾನೂನು ನೆನಪಿರಲಿ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಪ್ರಯಾಣಿಕರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಒಯ್ಯುವಂತಿಲ್ಲ. ತುಪ್ಪ, ಪೇಡೆ, ಖೋವಾದ ಸಿಹಿ, ಮಾಂಸದ ಉಪ್ಪಿನಕಾಯಿ ಎಲ್ಲ ಬಂತು. ಹಸಿ ಕರಿಬೇವು, ನಿಂಬೆ, ಮಾವು ಕೂಡ ಬೇಡ. ಪಾರ್ಸೆಲ್ ಕಳಿಸಿದರೂ ಇದೇ ನಿಯಮ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಎಣ್ಣೆಯಲ್ಲಿ ಮಾಡಿದ ಚಕ್ಕುಲಿ, ಮಸಾಲೆ ಖಾರ ಒಯ್ಯಬಹುದು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ, ನಡುವೆ ಕಾಗದ ಹಾಕಿ. ಚೀಲದಲ್ಲಿಟ್ಟರೆ ಪುಡಿಯಾಗಿ ತಲುಪುತ್ತದೆ. ಅಕ್ಕಿ ಹೊರಬೇಡಿ, ಅಲ್ಲೇ ಸಿಗುತ್ತದೆ. ಕೊಬ್ಬರಿ ಎಣ್ಣೆಯನ್ನು ಸಣ್ಣ ಬಾಯಿಯ ಬಾಟಲಿಯಲ್ಲಿ ಕೊಡಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಅಲ್ಲಿ ಕೋಣೆಯೇ 20 ಡಿಗ್ರಿ. ಅಗಲ ಬಾಯಿಯ ಡಬ್ಬಿಯಾದರೆ ಬೆರಳಲ್ಲಿ ತೆಗೆದು ಹಚ್ಚಿಕೊಳ್ಳಬಹುದು. ಹೀಟರ್ ಗಾಳಿಗೆ ತುಟಿ, ಹಿಮ್ಮಡಿ ಒಡೆಯುವುದರಿಂದ ಅದು ಬೇಕೇ ಬೇಕು. ಬಳ್ಳಾರಿ ಪೇಟೆಯಲ್ಲಿ ಸಿಗುವ ಮಡಚುವ ಕಾಗದದ ನಕ್ಷತ್ರವೊಂದನ್ನು ಪುಸ್ತಕದ ನಡುವೆ ಇಟ್ಟು ಕಳಿಸಿ. ಹಬ್ಬದ ಪಾರ್ಸೆಲ್ ಕಳಿಸುವಿರಾದರೆ ನವೆಂಬರ್ ಮೊದಲ ವಾರಕ್ಕೇ ಅಂಚೆಗೆ ಹಾಕಿ. ಉಡುಗೊರೆ ಎಂದು ಬರೆದು, ಒಳಗಿನ ವಸ್ತುಗಳ ಪಟ್ಟಿ ಮತ್ತು ಬೆಲೆಯನ್ನು ಸರಿಯಾಗಿ ತುಂಬಿ. ಮನೆಯವರು ಕಳಿಸುವ 45 ಯೂರೋವರೆಗಿನ ಉಡುಗೊರೆಗೆ ಅಲ್ಲಿ ಸುಂಕವಿಲ್ಲ. ಬೆಲೆ ಬರೆಯದ ಪಾರ್ಸೆಲ್ ಸುಂಕದ ಕಚೇರಿಯಲ್ಲಿ ಕೂರುತ್ತದೆ.

ಕಾಗದಪತ್ರದಲ್ಲಿ ನಮ್ಮ ಕಡೆ ಪದೇ ಪದೇ ಬರುವ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ದೀಕ್ಷಾಸ್ನಾನದ ಪತ್ರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ ಮುಂದೆ. ಪಾಸ್‌ಪೋರ್ಟ್ ಅರ್ಜಿಗೆ ಮೊದಲೇ ಇವನ್ನು ಒಂದು ಮಾಡಿ, ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಅಲ್ಲಿ ವಿಮೆ, ಬ್ಯಾಂಕ್, ನಗರ ಕಚೇರಿ ಎಲ್ಲವೂ ಮನೆತನದ ಹೆಸರಿನಿಂದಲೇ ನಡೆಯುತ್ತವೆ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಆಮೇಲೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ ಕಾರ್ಡ್‌ಗೆ ಅರ್ಜಿ. ಸ್ವಯಂಸೇವೆಯ ವೀಸಾ ಎಂದೇ ಅರ್ಜಿ ಹಾಕಬೇಕು, ಪ್ರವಾಸಿ ವೀಸಾ ಸಾಲದು. ಸೇವಾ ವರ್ಷದಲ್ಲಿ ವಸತಿ, ಊಟ, ವಿಮೆ, ಕೈಖರ್ಚಿನ ಹಣ ಸಾಮಾನ್ಯವಾಗಿ ಅಲ್ಲಿಯವರೇ ಕೊಡುತ್ತಾರೆ. ಹಾಗಿರುವಾಗ ಮಿಷನ್ ವೀಸಾ ಕೊಡಿಸುತ್ತೇನೆ ಎಂದು ಲಕ್ಷ ಲಕ್ಷ ಕೇಳುವವರ ಬಳಿ ಹೋಗಲೇಬೇಡಿ. ಕೈಖರ್ಚಿನ ಹಣ ಕೆಲವು ನೂರು ಯೂರೋ ಅಷ್ಟೇ, ಅದರಿಂದ ಮನೆಗೆ ಕಳಿಸಲಿ ಎಂದು ನಿರೀಕ್ಷಿಸಬೇಡಿ.

ಇದನ್ನು ಓದುವ ಬೇರೆ ಸಭೆಗಳವರಿಗೂ ಒಂದು ಮಾತು. ಡಿಸೆಂಬರ್ ರಜೆಯಲ್ಲಿ ಯೂತ್ ತಂಡವನ್ನು ನೇಪಾಳಕ್ಕೆ ಸುವಾರ್ತೆಗೆಂದು ಕರೆದೊಯ್ಯುವ ಯೋಚನೆ ಹಲವರಿಗಿದೆ. ನಮಗೆ ಅಲ್ಲಿ ವೀಸಾ ಬೇಡ, ನಿಜ. ಆದರೆ ನೇಪಾಳದ 2015ರ ಸಂವಿಧಾನವೂ 2018ರಲ್ಲಿ ಜಾರಿಯಾದ ದಂಡ ಸಂಹಿತೆಯೂ ಮತಾಂತರವನ್ನು ನಿಷೇಧಿಸುತ್ತವೆ. ಐದು ವರ್ಷದವರೆಗೆ ಜೈಲು, ಐವತ್ತು ಸಾವಿರ ರೂಪಾಯಿವರೆಗೆ ದಂಡ, ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ನೀವು ವಾಪಸ್ ಬಂದ ಮೇಲೂ ಅಲ್ಲಿನ ಸಭೆಯವರು ಕೇಸು ಎದುರಿಸಬೇಕಾಗಬಹುದು. ಅವರನ್ನು ಕೇಳದೆ ಟಿಕೆಟ್ ಮಾಡಿಸಬೇಡಿ.

ಹಬ್ಬಕ್ಕೆ ಮಗಳು ಬಂದು ಹೋಗಬಹುದೇ ಎಂದು ಕೇಳಿದ್ದೀರಿ. ಹೈದರಾಬಾದ್‌ನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ, ದಾರಿ ಕಷ್ಟವಲ್ಲ. ಆದರೂ ಮೊದಲ ವರ್ಷ ಬೇಡ ಅನ್ನುತ್ತೇವೆ. ಡಿಸೆಂಬರ್ ಟಿಕೆಟ್ ದುಬಾರಿ, ಮೂರೇ ತಿಂಗಳಲ್ಲಿ ಬಂದವಳಿಗೆ ಜನವರಿಯ ಕತ್ತಲೆಗೆ ಮರಳುವುದು ಹೋದದ್ದಕ್ಕಿಂತ ಕಷ್ಟ. ಇನ್ನೊಂದು, ಆ ಹೊತ್ತಿಗೆ ವಾಸದ ಪರವಾನಗಿ ಕಾರ್ಡ್ ಕೈಗೆ ಬಂದಿರದಿದ್ದರೆ ಅಪಾಯ. ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದವರಿಗೆ ಒಂದು ತಾತ್ಕಾಲಿಕ ಪತ್ರ ಕೊಡುತ್ತಾರೆ. ಅದರಲ್ಲಿ ಎರಡು ಬಗೆ ಇದೆ: ಜರ್ಮನಿಯ ವಾಸದ ಕಾನೂನಿನ ಕಲಂ 81ರ ಉಪಕಲಂ 4ರ ಗುರುತು ಇದ್ದರೆ ಮರಳಿ ಪ್ರವೇಶವಿದೆ, ಉಪಕಲಂ 3ರದಾದರೆ ಇಲ್ಲ. ಸರಿಯಾದ ಪತ್ರವಿದ್ದರೂ ಇಲ್ಲಿನ ಚೆಕ್‌ಇನ್ ಕೌಂಟರ್‌ನಲ್ಲಿ ತಕರಾರು ಬರುವುದುಂಟು. ಬರಲೇಬೇಕಾದರೆ ಕಾರ್ಡ್ ಸಿಕ್ಕ ಮೇಲೆ, ಈಸ್ಟರ್ ಹೊತ್ತಿಗೆ ಬರಲಿ.

ಸ್ವಿಟ್ಜರ್‌ಲೆಂಡ್‌ಗೆ ಹೋಗಬಹುದು. ಅದು ಐರೋಪ್ಯ ಒಕ್ಕೂಟದಲ್ಲಿಲ್ಲದಿದ್ದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಶೆಂಗೆನ್ ಗುಂಪಿನಲ್ಲಿದೆ. ಜರ್ಮನಿಯ ವಾಸದ ಕಾರ್ಡ್ ಅಥವಾ ಚಾಲ್ತಿಯಲ್ಲಿರುವ ದೀರ್ಘಾವಧಿ ವೀಸಾ ಇದ್ದವರು ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಬೇರೆ ಶೆಂಗೆನ್ ದೇಶಗಳಲ್ಲಿರಬಹುದು. ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಬೇಕು, ರೈಲಿನಲ್ಲಿ ತಪಾಸಣೆ ನಡೆಯುತ್ತದೆ. ಜರ್ಮನಿಯ ಆರೋಗ್ಯ ವಿಮೆ ಕಾರ್ಡಿನ ಹಿಂಬದಿ ಬೇರೆ ಐರೋಪ್ಯ ದೇಶಗಳ ಆಸ್ಪತ್ರೆಗೆಂದು ಇರುವುದು, ಆದರೆ ಭಾರತದ ಪ್ರಜೆಗೆ ಅದು ಸ್ವಿಟ್ಜರ್‌ಲೆಂಡ್‌ನಲ್ಲಿ ನಡೆಯುವುದಿಲ್ಲ; ಬೆಟ್ಟದ ಮೇಲಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಿದ ಖರ್ಚೂ ಅದರಲ್ಲಿ ಬರುವುದಿಲ್ಲ. ಹಿಮದಲ್ಲಿ ಆಡಲಿ, ಆಡದಿರಲಿ, ಹೊರಡುವ ಮೊದಲೇ ಕೆಲವು ಯೂರೋ ಕೊಟ್ಟು ಪ್ರತ್ಯೇಕ ಪ್ರವಾಸ ವಿಮೆ ಮಾಡಿಸಲಿ. ಜರ್ಮನಿಯ ಸಿಮ್‌ನ ಉಚಿತ ರೋಮಿಂಗ್ ಒಕ್ಕೂಟದ ದೇಶಗಳಲ್ಲಿ ಖಾತ್ರಿ, ಸ್ವಿಟ್ಜರ್‌ಲೆಂಡ್‌ನಲ್ಲಿ ಖಾತ್ರಿಯಿಲ್ಲ. ಗಡಿ ದಾಟುವ ಮೊದಲು ತನ್ನ ಪ್ಲಾನ್‌ನಲ್ಲಿ ಸ್ವಿಟ್ಜರ್‌ಲೆಂಡ್ ಇದೆಯೇ ನೋಡಲಿ, ಇಲ್ಲದಿದ್ದರೆ ಡೇಟಾ ಆಫ್ ಮಾಡಲಿ. ಹೊಸ ವರ್ಷದ ರಾತ್ರಿ ನಿಮಗೆ ಮಾಡುವ ಒಂದು ವಿಡಿಯೋ ಕರೆಗೆ ತಿಂಗಳ ಕೈಖರ್ಚಿನ ದೊಡ್ಡ ಪಾಲು ಹೋಗಬಹುದು. ತಂಗುವ ಕಡೆಯ ವೈಫೈ ಸಿಕ್ಕ ಮೇಲೆ ಕರೆ ಮಾಡು ಎಂದು ಈಗಲೇ ಹೇಳಿಟ್ಟಿರಿ.